‘ವೈಯಕ್ತಿಕ ಕಾರಣ’ ಎಂದು ಬರೆದು ಕೆಲಸ ಬಿಡುವ ಮುನ್ನ

ಪ್ರಶ್ನೆ: ತೀರ್ಥಹಳ್ಳಿ ತಾಲ್ಲೂಕಿನ ಒಂದು ರೆಸಾರ್ಟಿನಲ್ಲಿ ನಾಲ್ಕು ವರ್ಷ ಒಂಬತ್ತು ತಿಂಗಳಿಂದ ಕೆಲಸದಲ್ಲಿದ್ದೇನೆ. ಹುದ್ದೆಯ ಹೆಸರು ಮೆಂಟೆನೆನ್ಸ್ ಮ್ಯಾನೇಜರ್ ಎಂದಿದ್ದರೂ ಪಂಪು, ಪೈಪು, ವೈರಿಂಗು, ಹೆಂಚು, ಜನರೇಟರು ಎಲ್ಲವನ್ನೂ ನಾನೇ ಕೈಯಾರೆ ಮಾಡಬೇಕು. ಜೊತೆಗೆ ಇಬ್ಬರು ಹುಡುಗರಿದ್ದಾರೆ. ಸಂಬಳ 22,000 ರೂಪಾಯಿ, ಅದರಲ್ಲಿ ಮೂಲ ವೇತನ 13,000. ಬೆಳಿಗ್ಗೆ ಆರಕ್ಕೆ ಶುರುವಾದರೆ ರಾತ್ರಿ ಹತ್ತಕ್ಕೂ ಬಿಡುವಿಲ್ಲ, ವಾರದ ರಜೆ ಹೆಸರಿಗೆ ಮಾತ್ರ. ಕಳೆದ ತಿಂಗಳು ಸೆಪ್ಟಿಕ್ ಟ್ಯಾಂಕ್ ಕಟ್ಟಿಕೊಂಡಾಗ, ಸಕಿಂಗ್ ಗಾಡಿ (ಮಲ ಹೀರುವ ಟ್ಯಾಂಕರ್) ತರಿಸಿದರೆ ಅತಿಥಿಗಳಿಗೆ ವಾಸನೆ ಬರುತ್ತದೆಂದು ಹುಡುಗರನ್ನೇ ಇಳಿಸಲು ಮಾಲೀಕರು ಹೇಳಿದರು. ನಾನೂ ಎದುರಾಡಲಿಲ್ಲ. ಒಬ್ಬ ಇಳಿದವನು ಎರಡೇ ನಿಮಿಷಕ್ಕೆ ತಲೆ ಸುತ್ತಿ ಕುಸಿದ, ಹಗ್ಗ ಕಟ್ಟಿದ್ದರಿಂದ ಮೇಲೆಳೆದೆವು. ಮಳೆ ಜೋರಾಗುವ ಮುಂಚೆ ಇನ್ನೊಮ್ಮೆ ಇಳಿಸಬೇಕೆಂದು ಈಗ ಹೇಳುತ್ತಿದ್ದಾರೆ. ಜನರೇಟರ್ ನಡೆಯುವಾಗ ಹೊರಗಿನ ಲೈನಿನಿಂದ ಬೇರ್ಪಡಿಸುವ ಚೇಂಜ್‌ಓವರ್ ಸ್ವಿಚ್ ಸುಟ್ಟುಹೋಗಿ ಎರಡು ತಿಂಗಳಾಯಿತು, ಹೊಸದು ಕೊಡಿಸಿಲ್ಲ, ನೇರ ಜೋಡಿಸಿ ನಡೆಸುತ್ತಿದ್ದೇವೆ. ನನಗೆ ರಾತ್ರಿ ನಿದ್ದೆಯಿಲ್ಲ, ಬಿಟ್ಟುಬಿಡಬೇಕೆಂದಿದ್ದೇನೆ. ಆದರೆ ನನ್ನ ಎಸ್ಸೆಸ್ಸೆಲ್ಸಿ, ಐಟಿಐ ಅಸಲು ಅಂಕಪಟ್ಟಿಗಳು ಅವರಲ್ಲಿವೆ. ಹೆಂಡತಿಯ ಶಸ್ತ್ರಚಿಕಿತ್ಸೆಗೆ ಪಡೆದ ಸಾಲದಲ್ಲಿ 80,000 ಬಾಕಿ ಇದೆ. ಇರುವುದು ಅವರದೇ ಕ್ವಾರ್ಟರ್ಸಿನಲ್ಲಿ, ಮಗಳು ಹತ್ತನೇ ತರಗತಿ. ನಡುವೆ ಬಿಟ್ಟರೆ ಪೊಲೀಸರಿಗೆ ದೂರು ಕೊಡುತ್ತೇನೆ ಎನ್ನುತ್ತಾರೆ. ‘ವೈಯಕ್ತಿಕ ಕಾರಣ’ ಎಂದು ಬರೆದುಕೊಟ್ಟು ಸುಮ್ಮನೆ ಹೊರಡು ಎಂಬುದು ಗೆಳೆಯರ ಮಾತು. ನಾನು ಹೋದರೆ ಆ ಹುಡುಗರನ್ನು ಇನ್ನೊಬ್ಬ ಇಳಿಸುತ್ತಾನೆ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳಿವೆ. ಬಿಡಲು ಸಾಧ್ಯವೇ ಎಂಬುದು ಒಂದು, ಬಿಟ್ಟ ಮೇಲೂ ನಿಮ್ಮ ಮೇಲೆ ಉಳಿಯುವುದೇನು ಎಂಬುದು ಇನ್ನೊಂದು. ಮೊದಲನೆಯದನ್ನು ನೀವು ವಿಸ್ತಾರವಾಗಿ ಕೇಳಿದ್ದೀರಿ, ಅದಕ್ಕೆ ಉತ್ತರ ಸುಲಭ. ‘ನಾನೂ ಎದುರಾಡಲಿಲ್ಲ’ ಎಂದು ನಡುವೆ ಬರೆದ ಒಂದೇ ಸಾಲಿನಲ್ಲಿ ಎರಡನೆಯದು ಅಡಗಿದೆ. ಶಿವಮೊಗ್ಗದ ನ್ಯಾಯಾಲಯದಲ್ಲಿ ಕಾರ್ಮಿಕ ಪ್ರಕರಣಗಳನ್ನು ಬಹಳ ವರ್ಷಗಳಿಂದ ನಡೆಸುತ್ತಿರುವ ನನಗೆ ಹೆಚ್ಚು ಕಾಳಜಿ ಹುಟ್ಟಿಸಿದ್ದು ಆ ಸಾಲು.

ಸುಲಭದ್ದನ್ನು ಮೊದಲು ಮುಗಿಸೋಣ. ಕೆಲಸ ಬಿಡುವುದು ಅಪರಾಧವಲ್ಲ. ಮನಸ್ಸಿಲ್ಲದವನಿಂದ ಬಲವಂತವಾಗಿ ದುಡಿಸಿಕೊಳ್ಳುವುದನ್ನು ಸಂವಿಧಾನದ 23ನೇ ವಿಧಿಯೇ ನಿಷೇಧಿಸಿದೆ, ಇಂಥವನು ಇಲ್ಲೇ ದುಡಿಯಲೇಬೇಕೆಂದು ಯಾವ ನ್ಯಾಯಾಲಯವೂ ಆದೇಶ ಮಾಡುವುದಿಲ್ಲ. ನೇಮಕಾತಿ ಪತ್ರದಲ್ಲಿ ಒಂದು ತಿಂಗಳ ನೋಟಿಸ್ ಎಂದಿದ್ದು ನೀವು ಅದನ್ನು ಕೊಡದೆ ಹೊರಟರೆ ಆ ಒಂದು ತಿಂಗಳ ಸಂಬಳವನ್ನು ಮಾಲೀಕರು ಕೇಳಬಹುದು. ಅದು ಸಿವಿಲ್ ಲೆಕ್ಕಾಚಾರ, ಪೊಲೀಸ್ ಠಾಣೆಯ ವಿಷಯವಲ್ಲ. ಆದರೂ ನಮ್ಮ ಕಡೆ ‘ಠಾಣೆಗೆ ಬಂದು ಹೋಗಿ’ ಎಂಬ ಒಂದು ಫೋನು ಮಾಡಿಸಿ ಹೆದರಿಸುವುದು ಹಳೆಯ ಅಭ್ಯಾಸ. ಹಾಗೆ ಕರೆ ಬಂದರೆ ಹೋಗಿ, ರಾಜೀನಾಮೆಯ ಪ್ರತಿಯನ್ನೂ ನೀವು ಒಪ್ಪಿಸಿದ ಉಪಕರಣಗಳ ಪಟ್ಟಿಯನ್ನೂ ತೋರಿಸಿ ಬನ್ನಿ. ಕಾಣೆಯಾದ ಡ್ರಿಲ್ಲಿಂಗ್ ಮೆಷಿನ್ನು, ಲೆಕ್ಕಕ್ಕೆ ಸಿಗದ ಮೋಟರು ಇಂಥವೇ ಮುಂದೆ ಕಳ್ಳತನದ ಆರೋಪಗಳಾಗಿ ಬರುವುದರಿಂದ, ಸ್ಟೋರಿನ ಕೀಲಿ ಕೊಡುವಾಗ ಪಟ್ಟಿ ಮಾಡಿ ಸಹಿ ಹಾಕಿಸಿಕೊಳ್ಳುವುದನ್ನು ಮರೆಯಬೇಡಿ.

ಇಷ್ಟು ವರ್ಷ ಬಿಡುವುದಿಲ್ಲವೆಂದು ಬರೆದುಕೊಡುವ ಬಾಂಡ್ ಎಲ್ಲವೂ ಕಸದ ಬುಟ್ಟಿಗೆ ಎಂದು ಕೆಲವರು ಹೇಳುತ್ತಾರೆ, ಅದು ಪೂರ್ತಿ ಸರಿಯಲ್ಲ. ಬ್ಯಾಂಕ್ ಅಧಿಕಾರಿಯೊಬ್ಬರು ಮೂರು ವರ್ಷಕ್ಕೆ ಮೊದಲು ಬಿಟ್ಟರೆ 2 ಲಕ್ಷ ಕೊಡಬೇಕೆಂಬ ಷರತ್ತನ್ನು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಎತ್ತಿಹಿಡಿದಿದೆ. ಆದರೆ ನೀವು ಅಂಥ ಬಾಂಡಿಗೆ ಸಹಿ ಮಾಡಿದ ಮಾತು ಪತ್ರದಲ್ಲಿಲ್ಲ, ಆದ್ದರಿಂದ ಅದನ್ನು ಬದಿಗಿಡುತ್ತೇನೆ.

ಅಸಲು ಅಂಕಪಟ್ಟಿಗಳನ್ನು ಒತ್ತೆಯಾಗಿ ಇಟ್ಟುಕೊಳ್ಳುವ ಹಕ್ಕು ಯಾವ ಮಾಲೀಕನಿಗೂ ಇಲ್ಲ. ಅವುಗಳನ್ನು ಹಿಂದಿರುಗಿಸಿ ಎಂದು ಒಂದು ಪ್ರತ್ಯೇಕ ಪತ್ರ ಕೊಡಿ. ಕೊಡದಿದ್ದರೂ ಎದೆಗುಂದಬೇಕಿಲ್ಲ, ಎಸ್ಸೆಸ್ಸೆಲ್ಸಿಯ ನಕಲು ಅಂಕಪಟ್ಟಿಯನ್ನು ನೀವು ಓದಿದ ಶಾಲೆಯ ಮೂಲಕ ಮಂಡಳಿಯಿಂದ ಪಡೆಯಬಹುದು, ಐಟಿಐಯದ್ದಕ್ಕೂ ಅಂಥ ದಾರಿ ಇದೆ. ಆ ಕಾಗದಗಳು ಅವರ ಕಪಾಟಿನಲ್ಲಿರುವಷ್ಟು ದಿನ ನೀವು ಅವರ ಹಂಗಿನಲ್ಲಿದ್ದೀರಿ ಎಂಬ ಭಾವನೆಯೇ ಅವುಗಳ ನಿಜವಾದ ಬಲ. ಸಾಲದ ವಿಷಯ ಬೇರೆ. 80,000 ನೀವು ಪಡೆದದ್ದು ನಿಜವಾದ್ದರಿಂದ ತೀರಿಸಲೇಬೇಕು, ಆದರೆ ಸಾಲ ತೀರುವವರೆಗೆ ಕೆಲಸ ಬಿಡುವಂತಿಲ್ಲ ಎಂಬ ಮಾತು ಜೀತಪದ್ಧತಿಯನ್ನು ರದ್ದುಮಾಡಿದ 1976ರ ಕಾಯ್ದೆಯ ಆಶಯಕ್ಕೇ ವಿರುದ್ಧ. ಸಂಬಳದಲ್ಲಿ ಎಲ್ಲ ಕಡಿತಗಳೂ ಸೇರಿ ಅರ್ಧಕ್ಕಿಂತ ಹೆಚ್ಚು ಮುರಿದುಕೊಳ್ಳುವಂತಿಲ್ಲ, ಸಾಲದ ಹೆಸರಿನಲ್ಲಿ ಗ್ರಾಚ್ಯುಟಿಯನ್ನು (ದೀರ್ಘ ಸೇವೆಗೆ ಕೆಲಸ ಬಿಡುವಾಗ ಸಲ್ಲುವ ಇಡಿಗಂಟು) ತಡೆಹಿಡಿಯುವಂತೆಯೂ ಇಲ್ಲ. ತಿಂಗಳಿಗೆ ಇಷ್ಟು ಕೊಡುತ್ತೇನೆ ಎಂದು ನೀವೇ ಬರೆದುಕೊಟ್ಟು ಬ್ಯಾಂಕ್ ಮೂಲಕ ಕಟ್ಟುತ್ತ ಬಂದರೆ ಈ ದಾರವೂ ಅವರ ಕೈಯಿಂದ ಜಾರುತ್ತದೆ.

ಈಗ ಗುಂಡಿಯ ವಿಷಯಕ್ಕೆ ಬರುತ್ತೇನೆ. ಮುಚ್ಚಿದ ಸೆಪ್ಟಿಕ್ ಟ್ಯಾಂಕಿನಲ್ಲಿ ಹೈಡ್ರೋಜನ್ ಸಲ್ಫೈಡ್, ಮೀಥೇನ್, ಇಂಗಾಲದ ಡೈಆಕ್ಸೈಡ್ ಸೇರಿಕೊಂಡಿರುತ್ತವೆ ಮತ್ತು ಆಮ್ಲಜನಕ ಕಡಿಮೆಯಿರುತ್ತದೆ. ಕೊಳೆತ ಮೊಟ್ಟೆಯ ವಾಸನೆ ಬರುತ್ತಿದ್ದರೆ ಅಪಾಯ, ವಾಸನೆ ನಿಂತರೆ ಅನಿಲ ಹೋಯಿತು ಎಂದು ಕೆಲಸಗಾರರಲ್ಲಿ ಒಂದು ನಂಬಿಕೆಯಿದೆ. ವಾಸ್ತವ ಇದಕ್ಕೆ ತದ್ವಿರುದ್ಧ. ಹೈಡ್ರೋಜನ್ ಸಲ್ಫೈಡ್ ಒಂದು ಪ್ರಮಾಣ ಮೀರಿದಾಗ ಮೂಗಿನ ಗ್ರಹಣಶಕ್ತಿಯೇ ಸತ್ತುಹೋಗಿ ವಾಸನೆ ತಿಳಿಯದಾಗುತ್ತದೆ. ಅದು ಗಾಳಿಗಿಂತ ಭಾರವಾದ್ದರಿಂದ ಮುಚ್ಚಳ ತೆಗೆದು ಒಂದು ಗಂಟೆ ಬಿಟ್ಟರೂ ತಳದಲ್ಲಿಯೇ ಕುಳಿತಿರುತ್ತದೆ, ಕೋಲಿನಿಂದ ಕಲಕಿದಾಗ ಕೆಸರಿನೊಳಗಿದ್ದದ್ದೂ ಒಮ್ಮೆಗೇ ಮೇಲೇಳುತ್ತದೆ. ಮೊದಲನೆಯವನು ಬಿದ್ದಾಗ ಅವನನ್ನು ಎತ್ತಲು ಇಳಿದ ಎರಡನೆಯವನು, ಮೂರನೆಯವನು ಸಾಯುವುದು ಇದೇ ಕಾರಣಕ್ಕೆ. ನಿಮ್ಮ ಹುಡುಗ ಬದುಕಿದ್ದು ಹಗ್ಗದಿಂದ, ಮತ್ತು ಯಾರೂ ಅವನ ಹಿಂದೆ ಇಳಿಯದೇ ಇದ್ದದ್ದರಿಂದ. ಮಲೆನಾಡಿನಲ್ಲಿ ಆರ್ದ್ರೆ ಹಿಡಿದ ಮೇಲೆ ನೆಲದ ನೀರು ಮೇಲೇರಿ ಇಂಗುಗುಂಡಿಗಳು ಇಂಗಿಸುವುದನ್ನೇ ನಿಲ್ಲಿಸುತ್ತವೆ, ಟ್ಯಾಂಕು ಪದೇಪದೇ ಕಟ್ಟಿಕೊಳ್ಳುತ್ತದೆ. ಮೂವತ್ತು ಜನಕ್ಕೆ ಕಟ್ಟಿದ ಟ್ಯಾಂಕಿಗೆ ವಾರಾಂತ್ಯದಲ್ಲಿ ನೂರು ಜನರ ಭಾರ ಬಿದ್ದರೆ ಮನುಷ್ಯನನ್ನು ಇಳಿಸಿದರೂ ಅದು ಸರಿಹೋಗುವುದಿಲ್ಲ. ಮಾಲೀಕರಿಗೆ ಹೇಳಬೇಕಾದ ಮಾತುಗಳಲ್ಲಿ ಇದೂ ಒಂದು, ಏಕೆಂದರೆ ಕಾನೂನಿಗೆ ಬಗ್ಗದವರು ಖರ್ಚಿನ ಲೆಕ್ಕಕ್ಕೆ ಬಗ್ಗುವುದನ್ನು ನಾನು ಕಂಡಿದ್ದೇನೆ.

ಕಾನೂನು ಇಲ್ಲಿ ಸ್ಪಷ್ಟವಾಗಿದೆ. 2013ರ ಮಲಹೊರುವ ವೃತ್ತಿ ನಿಷೇಧ ಕಾಯ್ದೆಯ 7ನೇ ಕಲಮಿನ ಪ್ರಕಾರ ರಕ್ಷಣಾ ಸಾಧನ, ಯಂತ್ರ, ಸುರಕ್ಷತಾ ಕ್ರಮಗಳಿಲ್ಲದೆ ಯಾರನ್ನೂ ಸೆಪ್ಟಿಕ್ ಟ್ಯಾಂಕಿನ ಅಪಾಯಕಾರಿ ಶುಚಿಗೆ ‘ನೇರವಾಗಿಯಾಗಲಿ ಪರೋಕ್ಷವಾಗಿಯಾಗಲಿ’ ತೊಡಗಿಸುವಂತಿಲ್ಲ. ಮೊದಲ ಅಪರಾಧಕ್ಕೆ ಎರಡು ವರ್ಷದವರೆಗೆ ಸೆರೆವಾಸ ಅಥವಾ 2 ಲಕ್ಷದವರೆಗೆ ದಂಡ ಅಥವಾ ಎರಡೂ ಉಂಟು. ಮರುಕಳಿಸಿದರೆ ಐದು ವರ್ಷ, 5 ಲಕ್ಷ. ಅಪರಾಧ ಜಾಮೀನುರಹಿತ. ಗುಂಡಿಯಲ್ಲಿ ಸಾವು ಸಂಭವಿಸಿದರೆ ಕುಟುಂಬಕ್ಕೆ 30 ಲಕ್ಷ ಪರಿಹಾರ ಸಲ್ಲಬೇಕೆಂದು ಸುಪ್ರೀಂ ಕೋರ್ಟ್ 2023ರ ಅಕ್ಟೋಬರಿನಲ್ಲಿ ಹೇಳಿದೆ, ಮೊದಲು ಅದು 10 ಲಕ್ಷ ಇತ್ತು. ‘ಅವನೇ ಒಪ್ಪಿ ಇಳಿದ’, ‘ಐನೂರು ರೂಪಾಯಿ ಹೆಚ್ಚಿಗೆ ಕೊಟ್ಟೆವು’ ಎಂಬ ಸಮಜಾಯಿಷಿಗಳಿಗೆ ಇಲ್ಲಿ ಬೆಲೆಯಿಲ್ಲ.

ಆ ‘ಪರೋಕ್ಷವಾಗಿ’ ಎಂಬ ಪದವನ್ನು ನೀವು ನಿಧಾನವಾಗಿ ಓದಬೇಕು. ಆಜ್ಞೆ ಮಾಲೀಕರದು, ಹುಡುಗನನ್ನು ಕರೆದು ಹಗ್ಗ ಕಟ್ಟಿ ಇಳಿಸಿದವರು ನೀವು. ಅಂದು ಅವನು ಸತ್ತಿದ್ದರೆ ನಿರ್ಲಕ್ಷ್ಯದಿಂದ ಸಾವಿಗೆ ಕಾರಣರಾದವರೆಂದು ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮಿನಡಿ ದಾಖಲಾಗುವ ಪ್ರಥಮ ವರ್ತಮಾನ ವರದಿಯಲ್ಲಿ, ಬಹುಮಟ್ಟಿಗೆ, ಮೊದಲ ಹೆಸರು ನಿಮ್ಮದೇ ಇರುತ್ತಿತ್ತು. ಸ್ಥಳದಲ್ಲಿ ಇದ್ದವನು, ಹಾಜರಿ ಪುಸ್ತಕಕ್ಕೆ ಸಹಿ ಹಾಕುವವನು ಮೇಲ್ವಿಚಾರಕ. ಮಾಲೀಕರು ಆ ಹೊತ್ತಿಗೆ ಬೆಂಗಳೂರಿನಲ್ಲಿ ಇರುತ್ತಾರೆ. ಯಜಮಾನರು ಹೇಳಿದ್ದನ್ನು ಮಾಡಿದೆ ಎಂಬುದು ಶಿಕ್ಷೆಯ ಪ್ರಮಾಣ ನಿರ್ಧರಿಸುವಾಗ ಕೆಲಸಕ್ಕೆ ಬರಬಹುದು, ಆರೋಪದಿಂದ ಪಾರುಮಾಡುವುದಿಲ್ಲ. ರಾಜೀನಾಮೆ ಕೊಟ್ಟ ಮಾತ್ರಕ್ಕೆ ಹಿಂದಿನ ಘಟನೆ ನಿಮ್ಮನ್ನು ಬಿಟ್ಟುಹೋಗುವುದೂ ಇಲ್ಲ. ನಿಮ್ಮನ್ನು ಹೆದರಿಸಲು ಇದನ್ನು ಹೇಳುತ್ತಿಲ್ಲ. ಮುಂದೆ ಹೇಳಲಿರುವ ಕಾಗದದ ಕೆಲಸಕ್ಕೆ ಏಕೆ ಇಷ್ಟು ಒತ್ತು ಕೊಡುತ್ತೇನೆಂಬುದು ಇಲ್ಲದಿದ್ದರೆ ಅರ್ಥವಾಗುವುದಿಲ್ಲ.

ಜನರೇಟರಿನ ವಿಷಯವನ್ನು ನೀವು ಎರಡನೆಯದಾಗಿ ಬರೆದಿದ್ದೀರಿ, ಅದು ಮೊದಲನೆಯದಕ್ಕಿಂತ ಕಡಿಮೆಯದಲ್ಲ. ಚೇಂಜ್‌ಓವರ್ ಇಲ್ಲದೆ ನೇರ ಜೋಡಿಸಿದ ಜನರೇಟರಿನ ವಿದ್ಯುತ್ತು ಹೊರಗಿನ ತಂತಿಗೆ ಹಿಮ್ಮುಖವಾಗಿ ಹರಿದು, ಟ್ರಾನ್ಸ್‌ಫಾರ್ಮರಿನ ಮೂಲಕ 11,000 ವೋಲ್ಟಿನ ಮಾರ್ಗಕ್ಕೆ ಏರಬಲ್ಲದು. ಮರ ಬಿದ್ದು ಲೈನು ಹೋದ ರಾತ್ರಿ ಕಂಬ ಹತ್ತಿರುವ ಮೆಸ್ಕಾಂ (ವಿದ್ಯುತ್ ಸರಬರಾಜು ಕಂಪನಿ) ಲೈನ್‌ಮನ್ನಿಗೆ ತಂತಿ ಸತ್ತಿದೆ ಎಂಬ ನಂಬಿಕೆ. ನಿಮ್ಮ ರೆಸಾರ್ಟಿನ ಒಳಗಿನವರಲ್ಲದ ಒಬ್ಬ ಮನುಷ್ಯನ ಜೀವ ಒಂದು ಸ್ವಿಚ್ಚಿನ ಮೇಲೆ ನಿಂತಿದೆ. ಇದಕ್ಕೆ ರಾಜೀನಾಮೆಯವರೆಗೆ ಕಾಯಬೇಕಿಲ್ಲ. ಸ್ವಿಚ್ ಬರುವವರೆಗೆ ಜನರೇಟರ್ ಚಾಲೂ ಮಾಡುವುದಿಲ್ಲವೆಂದು ಇವತ್ತೇ ಹೇಳಿ, ಒತ್ತಾಯಿಸಿದರೆ ಮೆಸ್ಕಾಂ ಉಪವಿಭಾಗದ ಕಚೇರಿಗೆ ಅಥವಾ ವಿದ್ಯುತ್ ಸಹಾಯವಾಣಿ 1912ಕ್ಕೆ ತಿಳಿಸಿ.

ಇನ್ನು ಗೆಳೆಯರು ಹೇಳಿಕೊಟ್ಟ ಆ ಎರಡು ಪದಗಳು. ‘ವೈಯಕ್ತಿಕ ಕಾರಣಗಳಿಂದ’ ಎಂದು ಬರೆದ ರಾಜೀನಾಮೆಗಳನ್ನು ಹಿಡಿದುಕೊಂಡು ನನ್ನ ಕಚೇರಿಗೆ ಬಂದವರು ಅನೇಕರು. ಬಾಕಿ ಸಂಬಳ ಬರಲಿಲ್ಲ, ಅನುಭವ ಪತ್ರ ಕೊಡಲಿಲ್ಲ, ಅಥವಾ ಆರು ತಿಂಗಳ ನಂತರ ಅಲ್ಲಿ ಏನೋ ಅನಾಹುತವಾಗಿ ‘ಹಿಂದಿನ ಮೇಲ್ವಿಚಾರಕರ ಕಾಲದಿಂದಲೂ ಹೀಗೇ ನಡೆಯುತ್ತಿತ್ತು’ ಎಂದು ಮಾಲೀಕರು ಹೇಳಿಕೆ ಕೊಟ್ಟಿದ್ದಾರೆ. ಆಗ ರಾಜೀನಾಮೆ ಕೊಟ್ಟವರು ನನಗೆ ಹೇಳುವ ಕಥೆಯೆಲ್ಲ ನಿಜವಿರುತ್ತದೆ, ಆದರೆ ಅವರದೇ ಕೈಬರಹದಲ್ಲಿ ಇನ್ನೊಂದು ಕಥೆ ಎದುರು ಪಕ್ಷದ ವಕೀಲರ ಕೈಯಲ್ಲಿರುತ್ತದೆ. ಸೌಜನ್ಯಕ್ಕೆಂದು ಬರೆದ ಎರಡು ಪದ ಸಾಕ್ಷ್ಯವಾಗಿಬಿಡುತ್ತದೆ. ನೀವು ತತ್ವಕ್ಕಾಗಿ ಬಿಡುತ್ತಿರುವಿರಾದರೆ ಆ ತತ್ವ ಕಾಗದದ ಮೇಲೆ ಇರಬೇಕು, ಅದೂ ರಾಜೀನಾಮೆಗಿಂತ ಮೊದಲು.

ಮೊದಲು ಬರೆಯಬೇಕಾದದ್ದು ಆಕ್ಷೇಪಣೆಯ ಪತ್ರ. ಇಂಥ ದಿನಾಂಕದಂದು ಇಂಥ ಟ್ಯಾಂಕಿಗೆ ಒಬ್ಬ ಕೆಲಸಗಾರನನ್ನು ಇಳಿಸಲಾಯಿತು, ಅವನು ಪ್ರಜ್ಞೆ ತಪ್ಪುವ ಸ್ಥಿತಿ ತಲುಪಿದ, ಮುಂದೆ ಸಕಿಂಗ್ ಗಾಡಿಯಿಂದಲೇ ತೆಗೆಸಬೇಕು, ಮನುಷ್ಯರನ್ನು ಇಳಿಸುವ ಸೂಚನೆಯನ್ನು ನಾನು ಪಾಲಿಸುವುದಿಲ್ಲ, ಜನರೇಟರಿಗೆ ಚೇಂಜ್‌ಓವರ್ ಸ್ವಿಚ್ ಹಾಕಿಸಬೇಕು, ಇಷ್ಟು ಸಾಕು. ವಿಶೇಷಣ ಬೇಡ, ಬೈಗುಳ ಬೇಡ, ‘ಅಮಾನವೀಯ’ ಎಂಬ ಪದ ಕೂಡ ಬೇಡ. ಅಂದು ನೀವು ಏನು ಮಾಡಿದಿರಿ ಎಂಬುದನ್ನು ಹೇಗೆ ಬರೆಯಬೇಕೆಂಬ ಒಂದು ವಾಕ್ಯವನ್ನು ಮಾತ್ರ ವಕೀಲರಿಗೆ ತೋರಿಸಿ ಅಂತಿಮಗೊಳಿಸಿ, ಏಕೆಂದರೆ ಅದು ತಪ್ಪೊಪ್ಪಿಗೆಯಂತೆಯೂ ಓದಿಸಿಕೊಳ್ಳಬಾರದು, ಸುಳ್ಳೂ ಆಗಬಾರದು. ಪತ್ರವನ್ನು ಕೈಯಲ್ಲಿ ಕೊಟ್ಟು ಪ್ರತಿಗೆ ಸಹಿ ಪಡೆಯಿರಿ. ಸಹಿ ಹಾಕದಿದ್ದರೆ ಅಂಚೆಯಲ್ಲಿ ಕಳಿಸಿ. ಹಳೆಯ ರಿಜಿಸ್ಟರ್ಡ್ ಪೋಸ್ಟು ಈಗ ಸ್ಪೀಡ್ ಪೋಸ್ಟಿನಲ್ಲಿ ಸೇರಿಹೋಗಿರುವುದರಿಂದ ತೀರ್ಥಹಳ್ಳಿಯ ಅಂಚೆ ಕಚೇರಿಯಲ್ಲಿ ಸ್ಪೀಡ್ ಪೋಸ್ಟನ್ನೇ ನೋಂದಣಿ ಸಹಿತ ಕೇಳಿ, ರಸೀದಿ ಜೋಪಾನ ಮಾಡಿ. ಮಾಲೀಕರು ವಾಟ್ಸಾಪಿನಲ್ಲಿ ಕಳಿಸಿದ ಧ್ವನಿ ಸಂದೇಶಗಳಿದ್ದರೆ ಅಳಿಸಬೇಡಿ, ಆ ಫೋನನ್ನು ಮಾರಲೂ ಬೇಡಿ. ಮೂಲ ಉಪಕರಣ ಇದ್ದರೆ ಅಂಥ ಸಾಕ್ಷ್ಯವನ್ನು ನ್ಯಾಯಾಲಯದಲ್ಲಿ ರುಜುವಾತುಪಡಿಸುವುದು ಬಹಳ ಸಲೀಸು.

ಈಗ ಯಾವಾಗ ಬಿಡಬೇಕೆಂಬ ಕಷ್ಟದ ಪ್ರಶ್ನೆ. ಐದು ವರ್ಷದ ನಿರಂತರ ಸೇವೆಗೆ ನಿಮಗೆ ಇನ್ನು ಮೂರು ತಿಂಗಳಿದೆ. ಅದು ತುಂಬಿದರೆ ವರ್ಷಕ್ಕೆ ಹದಿನೈದು ದಿನದ ವೇತನದ ಲೆಕ್ಕದಲ್ಲಿ, ತಿಂಗಳನ್ನು 26 ದಿನವೆಂದು ಹಿಡಿದು, ನಿಮ್ಮ 13,000 ಮೂಲ ವೇತನದ ಮೇಲೆ ವರ್ಷಕ್ಕೆ 7,500ರಂತೆ 37,500 ರೂಪಾಯಿ ಗ್ರಾಚ್ಯುಟಿ ಬರುತ್ತದೆ. ನಾಲ್ಕು ವರ್ಷ 240 ದಿನ ಆದರೂ ಸಾಕೆಂದು ಮದ್ರಾಸ್ ಹೈಕೋರ್ಟ್ ಹಿಂದೆ ಹೇಳಿದ್ದುಂಟು, ಹಾಗಾಗಿ ಈಗಲೇ ಬಿಟ್ಟರೂ ನೀವು ಕೇಳಬಹುದು. ಆದರೆ ಅದು ವಾದ ಮಾಡಿ ಪಡೆಯಬೇಕಾದ ಹಣ, ಮೂರು ತಿಂಗಳು ಕಳೆದರೆ ವಾದವೇ ಇಲ್ಲದ ಹಣ. ಆದ್ದರಿಂದ ನಿಮ್ಮ ಸ್ಥಿತಿಯಲ್ಲಿ ನನಗೆ ಸರಿ ಕಾಣುವುದು ಹೀಗೆ: ಆಕ್ಷೇಪಣೆಯ ಪತ್ರ ಈ ವಾರವೇ ಹೋಗಲಿ, ರಾಜೀನಾಮೆಯನ್ನು ಈಗ ಕೊಡದೆ, ಒಂದು ತಿಂಗಳ ನೋಟಿಸ್ ಅವಧಿ ಐದು ವರ್ಷ ತುಂಬಿದ ಮೇಲೆ ಮುಗಿಯುವಂತೆ ದಿನ ನೋಡಿ ಕೊಡಿ. ಈ ನಡುವೆ ಮತ್ತೆ ಯಾರನ್ನಾದರೂ ಗುಂಡಿಗೆ ಇಳಿಸುವ ಸೂಚನೆ ಬಂದರೆ ನಿರಾಕರಿಸಿ, ನಿಮ್ಮನ್ನು ದಾಟಿ ಇಳಿಸಲು ಹೊರಟರೆ ತಕ್ಷಣ ಸೆಪ್ಟಿಕ್ ಟ್ಯಾಂಕ್ ಶುಚಿಗೆ ಸಂಬಂಧಿಸಿದ 14420 ಸಹಾಯವಾಣಿಗೆ ಅಥವಾ 112ಕ್ಕೆ ಕರೆ ಮಾಡಿ, ಅಂದೇ ಹೊರಬನ್ನಿ. ಆ ದಿನ 37,500ರ ಲೆಕ್ಕ ಹಾಕುತ್ತ ಕೂರಬಾರದು.

ಈ ದಾರಿಯಲ್ಲಿ ಅಪಾಯವಿಲ್ಲವೆಂದಲ್ಲ. ಪತ್ರ ತಲುಪಿದ ಮರುದಿನವೇ ನಿಮ್ಮನ್ನು ತೆಗೆದುಹಾಕಬಹುದು. ಹಾಗೆ ಮಾಡಿದರೆ, ಆರು ತಿಂಗಳು ಮೀರಿ ದುಡಿದವರಿಗೆ ಸಕಾರಣವಿಲ್ಲದೆ, ತಿಂಗಳ ನೋಟಿಸ್ ಅಥವಾ ಅದರ ಬದಲಿನ ಸಂಬಳವಿಲ್ಲದೆ ಕೆಲಸದಿಂದ ತೆಗೆಯುವಂತಿಲ್ಲವೆಂಬ 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ ರಕ್ಷಣೆ ಇದೆ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ವೇತನ ಸಂಹಿತೆಯ ಪ್ರಕಾರ, ತೆಗೆದರೂ ಸರಿ ನೀವೇ ಬಿಟ್ಟರೂ ಸರಿ, ಬಾಕಿ ವೇತನವನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕು. ಹಕ್ಕು ಇದೆ ಎಂಬುದಕ್ಕೂ ಹಣ ಕೈಸೇರುವುದಕ್ಕೂ ನಡುವೆ ತಿಂಗಳುಗಳು ಕಳೆಯುತ್ತವೆ, ಅದನ್ನೂ ಲೆಕ್ಕಕ್ಕೆ ಹಿಡಿದು ಮೂರು ತಿಂಗಳ ಮನೆಖರ್ಚು ಕೈಯಲ್ಲಿಟ್ಟುಕೊಳ್ಳಿ. ಕ್ವಾರ್ಟರ್ಸ್ ಸೇವೆಯೊಂದಿಗೇ ಮುಗಿಯುವ ಸೌಲಭ್ಯ. ಸಾಮಾನನ್ನು ಮಳೆಯಲ್ಲಿ ಹೊರಗೆಸೆಯುವ ಅಧಿಕಾರ ಅವರಿಗಿಲ್ಲ, ಆದರೆ ವರ್ಷಗಟ್ಟಲೆ ಉಳಿಯುವ ಹಕ್ಕು ನಿಮಗೂ ಇಲ್ಲ. ಮಗಳ ಶಾಲೆಗೆ ಬಸ್ಸು ಸಿಗುವ ಕಡೆ ಒಂದು ಬಾಡಿಗೆ ಮನೆಯನ್ನು ಪತ್ರ ಕೊಡುವ ಮೊದಲೇ ನೋಡಿಟ್ಟುಕೊಳ್ಳುವುದು ಒಳ್ಳೆಯದು.

ಇಲಾಖೆಗೆ ದೂರು ಕೊಡಬೇಕೇ ಎಂಬುದನ್ನು ನೀವು ಕೇಳಿಲ್ಲ, ಆದರೆ ಹುಡುಗರ ಬಗ್ಗೆ ಬರೆದ ಕೊನೆಯ ಸಾಲು ಅದನ್ನೇ ಕೇಳುತ್ತಿದೆ. ನೀವು ಸುಮ್ಮನೆ ಹೊರಟರೆ ನಿಮ್ಮ ಜಾಗಕ್ಕೆ ಬರುವವನು ಆ ಹುಡುಗರನ್ನು ಮತ್ತೆ ಇಳಿಸುತ್ತಾನೆ ಎಂಬ ನಿಮ್ಮ ಅಂದಾಜು ಸರಿಯಾಗಿದೆ. 2013ರ ಕಾಯ್ದೆಯಡಿ ಘಟನೆ ನಡೆದ ಮೂರು ತಿಂಗಳೊಳಗೆ ದೂರು ದಾಖಲಾಗಬೇಕು, ನಿಮ್ಮ ಲೆಕ್ಕದಲ್ಲಿ ಒಂದು ತಿಂಗಳು ಆಗಲೇ ಕಳೆದಿದೆ. ಅಂದರೆ ಗ್ರಾಚ್ಯುಟಿಯ ಗಡುವಿಗೂ ದೂರಿನ ಗಡುವಿಗೂ ಹೊಂದಿಕೆಯಿಲ್ಲ. ಕೆಲಸದಲ್ಲಿ ಇರುವಾಗಲೇ ದೂರು ಕೊಡಬೇಕಾಗಿ ಬರಬಹುದು. ದೂರನ್ನು ಜಿಲ್ಲಾಧಿಕಾರಿಗಳಿಗೆ ಕೊಟ್ಟು ಪ್ರತಿಯನ್ನು ಕಾರ್ಮಿಕ ಇಲಾಖೆಗೆ ಕಳಿಸಬಹುದು. ಖಾಸಗಿ ಸಂಸ್ಥೆಯ ಹುಳುಕು ಹೊರಹಾಕಿದ ನೌಕರನನ್ನು ಕಾಪಾಡುವ ಪ್ರತ್ಯೇಕ ಕಾನೂನು ನಮ್ಮಲ್ಲಿಲ್ಲ, ಮತ್ತು ಎಲ್ಲರೂ ಎಲ್ಲರಿಗೂ ಪರಿಚಿತರಾದ ಒಂದು ತಾಲ್ಲೂಕಿನಲ್ಲಿ ಅನಾಮಧೇಯ ದೂರು ಯಾರದೆಂದು ಸಂಜೆಯೊಳಗೆ ಗೊತ್ತಾಗುತ್ತದೆ. ಪಕ್ಕದ ಹೋಮ್‌ಸ್ಟೇಯವರು ನಿಮ್ಮನ್ನು ಕೆಲಸಕ್ಕೆ ತೆಗೆದುಕೊಳ್ಳಲು ಹಿಂಜರಿಯಬಹುದು, ಇದನ್ನು ನಾನು ಮುಚ್ಚಿಡುವುದಿಲ್ಲ. ಆದರೆ ಪಂಪು, ವೈರಿಂಗು ಎರಡನ್ನೂ ಬಲ್ಲವನಿಗೆ ಶಿವಮೊಗ್ಗದ ಆಸ್ಪತ್ರೆ, ಅಪಾರ್ಟ್‌ಮೆಂಟು, ಕಾರ್ಖಾನೆಗಳಲ್ಲಿ ಬೇಡಿಕೆ ಇದ್ದೇ ಇದೆ. ಅಧಿಕಾರಿಗಳಿಗೆ ಸದ್ಭಾವನೆಯಿಂದ ಕೊಟ್ಟ ದೂರು ಮಾನಹಾನಿಯಾಗುವುದಿಲ್ಲ. ಅದನ್ನೇ ವಾಟ್ಸಾಪ್ ಸ್ಟೇಟಸ್ಸಿನಲ್ಲಿ ಹಾಕಿದರೆ ಆಗಬಹುದು. ಎರಡನ್ನೂ ಒಟ್ಟಿಗೆ ಮಾಡಿ ಒಳ್ಳೆಯ ಪ್ರಕರಣ ಕೆಡಿಸಿಕೊಂಡವರಿದ್ದಾರೆ.

ಹದಿನಾರು ಗಂಟೆಯ ದುಡಿಮೆಯ ಬಗ್ಗೆ ಚಿಕ್ಕದಾಗಿ. ರಾಜ್ಯದ ಅದೇ 1961ರ ಕಾಯ್ದೆಯಲ್ಲಿ ದಿನಕ್ಕೆ 9, ವಾರಕ್ಕೆ 48 ಗಂಟೆಯ ಮಿತಿ, ಮೀರಿದರೆ ದುಪ್ಪಟ್ಟು ದರ, ವಾರಕ್ಕೊಂದು ರಜೆ. ‘ನೀನು ಮ್ಯಾನೇಜರ್, ನಿನಗೆ ಓಟಿ (ಹೆಚ್ಚುವರಿ ಗಂಟೆಯ ಸಂಬಳ) ಇಲ್ಲ’ ಎನ್ನುತ್ತಾರೆ. ಹುದ್ದೆಯ ಹಲಗೆಯಲ್ಲಿ ಏನಿದೆ ಎನ್ನುವುದಕ್ಕಿಂತ ದಿನವಿಡೀ ನೀವು ಮಾಡುವ ಕೆಲಸ ಯಾವುದು ಎಂಬುದನ್ನು ನ್ಯಾಯಾಲಯಗಳು ನೋಡುತ್ತವೆ, ಸ್ಪ್ಯಾನರ್ ಹಿಡಿದವನನ್ನು ಮ್ಯಾನೇಜರ್ ಎಂದು ಕರೆದ ಮಾತ್ರಕ್ಕೆ ಅವನು ಕಾರ್ಮಿಕನಲ್ಲದವನಾಗುವುದಿಲ್ಲ. ಕಷ್ಟವಿರುವುದು ಗಂಟೆಗಳನ್ನು ಸಾಬೀತುಪಡಿಸುವುದರಲ್ಲಿ. ಇಂದಿನಿಂದ ಒಂದು ನೋಟ್‌ಬುಕ್ಕಿನಲ್ಲಿ ಬಂದ ಹೊತ್ತು, ಮಲಗಿದ ಹೊತ್ತು, ರಾತ್ರಿ ಬಂದ ಕರೆ ಬರೆದಿಡಿ. ಭವಿಷ್ಯ ನಿಧಿ ಕಟ್ಟುತ್ತಿದ್ದರೆ ಹೊರಬಂದ ಮೇಲೆ ಹಣ ತೆಗೆಯಬೇಡಿ, ಹೊಸ ಕೆಲಸದ ಖಾತೆಗೆ ವರ್ಗಾಯಿಸಿ. ಮಾಲೀಕರು ನಿರ್ಗಮನದ ದಿನಾಂಕ ನಮೂದಿಸದೆ ಸತಾಯಿಸಿದರೆ, ಕೊನೆಯ ವಂತಿಗೆಯಾಗಿ ಎರಡು ತಿಂಗಳ ನಂತರ ಭವಿಷ್ಯ ನಿಧಿಯ ಯುಎಎನ್ ಪೋರ್ಟಲಿನಲ್ಲಿ ನೀವೇ ಅದನ್ನು ನಮೂದಿಸಬಹುದು.

ಕೊನೆಯದಾಗಿ ಗುಂಡಿಗಿಳಿದ ಆ ಹುಡುಗ. ಅವನಿಗೆ ಈಗಲೂ ತಲೆನೋವು, ಕೆಮ್ಮು, ಮರೆವು ಇದ್ದರೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಕರೆದೊಯ್ದು ನಡೆದದ್ದನ್ನು ವೈದ್ಯರಿಗೆ ಇದ್ದಂತೆಯೇ ಹೇಳಿಸಿ, ಚೀಟಿಯಲ್ಲಿ ಬರೆಸಿಕೊಳ್ಳಿ. ಹತ್ತು ಅಥವಾ ಹೆಚ್ಚು ಜನ ದುಡಿಯುವ ಸಂಸ್ಥೆಯಾದರೆ, 21,000ದೊಳಗಿನ ಸಂಬಳದ ಅವನಿಗೆ ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ) ಇರಲೇಬೇಕು, ಇದೆಯೇ ನೋಡಿ. ಅವನು ಪರಿಶಿಷ್ಟ ಜಾತಿ ಅಥವಾ ಪಂಗಡದವನಾಗಿದ್ದರೆ ಆದಾಯ ಎಷ್ಟೇ ಇದ್ದರೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ, ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಕರೆ ಮಾಡಿದರೂ ದಾರಿ ಹೇಳುತ್ತಾರೆ. ದೂರು ಕೊಡಬೇಕೋ ಬೇಡವೋ ಎಂಬುದನ್ನು ನೀವು ಮಾಲೀಕರೊಂದಿಗೆ ಮಾತಾಡುವ ಮೊದಲು ಅವನೊಂದಿಗೆ ಕೂತು ಮಾತಾಡಿ. ಮೊದಲ ದೂರುದಾರ ಅವನಾಗಬಹುದು, ಸಾಕ್ಷಿ ನೀವಾಗಬಹುದು. ಹಾಗಾದಲ್ಲಿ ನಿಮ್ಮ ಹೇಳಿಕೆಯನ್ನು ಮುಂಚಿತವಾಗಿ ಒಮ್ಮೆ ವಕೀಲರಿಗೆ ತೋರಿಸಿಕೊಳ್ಳಿ.